ಬಾಕಿ ಏನೂ ಇಲ್ಲದ ಸ್ಕೂಟರು

ವಾಹನಗಳ ದಾಖಲೆ ಕಾಯುವ ಮಾನ್ಯ ಅಧಿಕಾರಿಗಳೇ,

ನಿಮ್ಮ ದಾಖಲೆಯಲ್ಲಿ ನನ್ನದಾಗಿರುವ ಒಂದು ಸ್ಕೂಟರು ಹೋದ ಫೆಬ್ರವರಿಯಲ್ಲಿ ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಲ್ಲಿ ಮುನಿಶಾಮಮ್ಮ ಎಂಬವರಿಗೆ ಡಿಕ್ಕಿ ಹೊಡೆಯಿತು. ಅವರ ಎಡತೊಡೆಯ ಮೂಳೆ ಎರಡು ಕಡೆ ಮುರಿಯಿತು. ಸ್ಕೂಟರಿಗೆ ವಿಮೆ ಇರಲಿಲ್ಲ. ಇಲ್ಲವೆಂದು ನಿಮಗೆ ಎರಡೂವರೆ ವರ್ಷದಿಂದ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಅದನ್ನು ಓಡಿಸುತ್ತಿದ್ದವನಿಗೆ ಮಾತ್ರ. ನನ್ನ ದೂರು ಇಷ್ಟೇ. ಉಳಿದದ್ದು ವಿವರ.

ಆ ಸ್ಕೂಟರನ್ನು ನಾನು ಹತ್ತು ವರ್ಷದ ಹಿಂದೆ ಗೌರಿಬಿದನೂರಿನ ಒಬ್ಬರಿಗೆ ಮಾರಿದೆ. ನಿಮ್ಮ ಕಚೇರಿಗಳ ಎದುರು ಮರದಡಿ ಮೇಜು ಹಾಕಿಕೊಂಡು ಕೂರುವ ಏಜೆಂಟನೊಬ್ಬ ಮಾಲೀಕತ್ವ ವರ್ಗಾಯಿಸುವ ಇಪ್ಪತ್ತೊಂಬತ್ತು, ಮೂವತ್ತನೇ ನಂಬರಿನ ಫಾರಂಗಳನ್ನು ಮುಂದಿಟ್ಟು ಸಹಿ ಮಾಡಲು ಹೇಳಿದ. ಕೊಳ್ಳುವವನ ಹೆಸರಿನ ಜಾಗ ಖಾಲಿ ಇತ್ತು. ಕೇಳಿದೆ. "ಖಾಲಿ ಇರ್ಲಿ ಸಾರ್. ಇವ್ರು ನಾಳೆ ಇನ್ನೊಬ್ರಿಗೆ ಮಾರ್ತಾರೆ, ಅವ್ರು ಇನ್ನೊಬ್ರಿಗೆ. ಕೊನೇಲಿ ಯಾರು ಇಟ್ಕೊಳ್ತಾರೋ ಅವ್ರೇ ತುಂಬ್ಕೋತಾರೆ ಬಿಡಿ" ಎಂದ. ನಾನು ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಗ್ರಂಥಪಾಲಕ. ಮೂವತ್ತು ರೂಪಾಯಿಯ ಪುಸ್ತಕವನ್ನೂ ಹೆಸರು ಬರೆಸಿಕೊಳ್ಳದೆ ಹೊರಗೆ ಬಿಟ್ಟವನಲ್ಲ. ಅಂದು ಖಾಲಿ ಹಾಳೆಗೆ ಸಹಿ ಹಾಕಿ, ಹೊಟೇಲಿನಲ್ಲಿ ಕಾಫಿ ಕುಡಿದು ಮನೆಗೆ ಹೋದೆ. ಮಾರಿದವನು ಹದಿನಾಲ್ಕು ದಿನದೊಳಗೆ ನಿಮಗೆ ತಿಳಿಸಬೇಕೆಂದು ಕಾನೂನು ಇದೆ. ತಿಳಿಸಲಿಲ್ಲ. ನನ್ನ ಸಹಿ ನನ್ನನ್ನು ಬಿಟ್ಟು ಗೌರಿಬಿದನೂರಿನಿಂದ ಚಿಂತಾಮಣಿಗೆ, ಅಲ್ಲಿಂದ ಶಿಡ್ಲಘಟ್ಟಕ್ಕೆ ಹೋಯಿತು. ಹೆಸರು ತುಂಬಿಕೊಳ್ಳುವ ಕೊನೆಯವನು ಬರಲೇ ಇಲ್ಲ.

ಎರಡೂವರೆ ವರ್ಷದ ಹಿಂದೆ ನನ್ನ ಮೊಬೈಲಿಗೆ ನಿಮ್ಮ ಮೊದಲ ಸಂದೇಶ ಬಂತು. ವಿಮೆಯಿಲ್ಲದ ವಾಹನ ರಸ್ತೆಯಲ್ಲಿ ಕಂಡಿದೆ, ದಂಡ ಕಟ್ಟಿ. ಅಂದು ಕುತೂಹಲಕ್ಕೆ ಕಾನೂನು ಓದಿದೆ. ಕಡ್ಡಾಯವಾದ ವಿಮೆ ಓಡಿಸುವವನಿಗಾಗಿ ಅಲ್ಲ, ವಾಹನಕ್ಕಾಗಿಯೂ ಅಲ್ಲ. ಅವನ ದಾರಿಗೆ ಸಿಗುವ ಅಪರಿಚಿತರಿಗಾಗಿ. ಅದಿಲ್ಲದೆ ಓಡಿಸಿದರೆ, ಓಡಿಸಲು ಬಿಟ್ಟರೆ, ಮೊದಲ ಸಲ ಎರಡು ಸಾವಿರ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಮತ್ತೆ ಸಿಕ್ಕರೆ ನಾಲ್ಕು ಸಾವಿರ. ರಾಜಿಯಲ್ಲಿ ಮುಗಿಸಿದರೆ ದ್ವಿಚಕ್ರಕ್ಕೆ ಸಾವಿರ. ಒಂದು ವರ್ಷದ ವಿಮೆಗೆ ಅಷ್ಟೂ ಆಗುವುದಿಲ್ಲ. ಓದಿ ಮುಗಿಸಿ ಸಾವಿರ ಕಟ್ಟಿದೆ. ಕಟ್ಟಿದರೆ ಸಂದೇಶ ನಿಲ್ಲುತ್ತಿತ್ತು, ಅದಕ್ಕೆ.

ಸಂದೇಶದ ಜೊತೆ ಒಂದು ಫೋಟೊ ಇತ್ತು. ಹಿಂದಿನಿಂದ ತೆಗೆದದ್ದು. ಎಡಭುಜ ತುಸು ಇಳಿದ ಒಂದು ಬೆನ್ನು, ಎರಡೂ ಪಕ್ಕ ರೇಷ್ಮೆಗೂಡಿನ ಚೀಲಗಳು. ಎರಡನೆಯ ದಂಡದ ಫೋಟೊದಲ್ಲಿ ಅದೇ ಬೆನ್ನಿನ ಹಿಂದೆ ಊಟದ ಸ್ಟೀಲ್ ಕ್ಯಾರಿಯರ್ ಹಿಡಿದ ಹೆಂಗಸು. ಮೂರನೆಯದರಲ್ಲಿ ಶಾಲೆಯ ಚೀಲ ಹೊತ್ತ ಎರಡು ಜಡೆಯ ಹುಡುಗಿ, ನಾಲ್ಕನೆಯದರಲ್ಲಿ ಅದೇ ಹುಡುಗಿ, ಚೀಲ ಇನ್ನೂ ದೊಡ್ಡದು. ಐದನೆಯದರಲ್ಲಿ ಅವಳು ತಿರುಗಿ ಕ್ಯಾಮೆರಾವನ್ನೇ ನೋಡುತ್ತಿದ್ದಾಳೆ. ನನ್ನ ಬಂಧುಗಳಲ್ಲಿ ಎಷ್ಟೋ ಜನರ ಮಕ್ಕಳು ಬೆಳೆದದ್ದನ್ನು ನಾನು ಇಷ್ಟು ಕ್ರಮವಾಗಿ ನೋಡಿಲ್ಲ. ಒಂದು ಸಂಸಾರಕ್ಕೆ ಚಂದಾದಾರನಾದ ಹಾಗಿತ್ತು.

ಎರಡನೆಯ ದಂಡದ ಹೊತ್ತಿಗೆ ಒಮ್ಮೆ ನಿಮ್ಮ ಕಚೇರಿಗೆ ಹೋಗಿದ್ದೆ. ಕಿಟಕಿಯ ಆಚೆಯವರು ತಲೆಯೆತ್ತದೆ ಹೇಳಿದರು: "ಕೊಂಡೋರ್ನ ಕರ್ಕೊಂಡು ಬನ್ನಿ ಸಾರ್." ಅವರು ಯಾರೆಂದು ಗೊತ್ತಿಲ್ಲ ಎಂದೆ. "ನಿಮ್ಗೇ ಗೊತ್ತಿಲ್ಲಾಂದ್ರೆ ನಮ್ಗೆ ಹೆಂಗೆ ಗೊತ್ತಾಗುತ್ತೆ?" ನ್ಯಾಯವಾದ ಪ್ರಶ್ನೆ. ಫೋಟೊ ತೆಗೆದವರು ನೀವು ಎಂದು ಹೇಳಬಹುದಿತ್ತು. ಹಿಂದೆ ಕ್ಯೂ ಇತ್ತು.

ಮನೆಯಲ್ಲಿ ನನ್ನ ಹೆಂಡತಿ ಕನಕಲಕ್ಷ್ಮಿ ಅಂದಳು: "ಸಾವ್ರ ಸಾವ್ರ ದಂಡ ಕಟ್ಟೋ ಬದ್ಲು ನೀವೇ ಅದಕ್ಕೊಂದು ಇನ್ಶೂರೆನ್ಸ್ ಮಾಡಿಸ್ಬಿಡಿ ಅತ್ಲಾಗೆ. ಫೋನಲ್ಲೇ ಆಗುತ್ತಂತಲ್ಲ."

"ಯಾರದೋ ಗಾಡಿಗೆ ನಾನ್ಯಾಕೆ ಮಾಡಿಸ್ಲಿ?" ಎಂದೆ.

"ಯಾರದೋ ಗಾಡಿಗೆ ದಂಡ ಮಾತ್ರ ಯಾಕೆ ಕಟ್ತೀರಿ ಮತ್ತೆ?"

ಪೇಪರು ತಿರುವಿ ಹಾಕಿದೆ. ಆಮೇಲೆ ಇನ್ನೂ ಮೂರು ದಂಡ ಕಟ್ಟಿದೆ.

ಮಾನ್ಯರೇ, ಡಿಕ್ಕಿಯ ಸುದ್ದಿ ನನಗೆ ಬಂದದ್ದು ಸಂದೇಶವಾಗಿ ಅಲ್ಲ. ಪೊಲೀಸಿನವರು ಫೋನು ಮಾಡಿ ಮಾಲೀಕರೇ ಎಂದು ಕರೆದರು. ಮುಂದಿನ ಭಾನುವಾರ ಮುನಿಶಾಮಮ್ಮನವರ ಮನೆ ಹುಡುಕಿಕೊಂಡು ಶಿಡ್ಲಘಟ್ಟಕ್ಕೆ ಹೋದೆ. ಗೂಡು ಬೇಯಿಸಿ ನೂಲು ತೆಗೆಯುವ ಘಟಕದಲ್ಲಿ ಅವರಿಗೆ ಇಪ್ಪತ್ತು ವರ್ಷದ ಕೆಲಸ. ಬಿಸಿನೀರಿನ ತೊಟ್ಟಿಯ ಮುಂದೆ ದಿನವೆಲ್ಲ ನಿಲ್ಲಬೇಕು. ನಿಂತರೆ ಕೂಲಿ. ಕಾಲಿನೊಳಗೆ ಕಬ್ಬಿಣದ ಸಲಾಕೆ ಹಾಕಿದ್ದಾರೆ. ಇನ್ನೊಂದು ಆಪರೇಶನ್ ಬಾಕಿಯಿದೆ. ಪರಿಹಾರ ಬಂದರೆ ಅದು, ಇಲ್ಲದಿದ್ದರೆ ಇಲ್ಲ.

"ಬಾರಪ್ಪಾ, ಕೂತ್ಕೋ. ನೀನೇನಾ ಆ ಗಾಡಿ ಓನರು?" ಎಂದರು ಮಂಚದಿಂದಲೇ.

"ಹತ್ತು ವರ್ಷದ ಹಿಂದೆ ಮಾರಿದ್ದೆ ಅಮ್ಮ."

"ಮಾರಿದ್ ಮೇಲೂ ನಿಂದೇನಾ? ಒಳ್ಳೆ ವ್ಯಾಪಾರ ಕಣಪ್ಪಾ ನಿಂದು. ನಾವು ಹಸ ಮಾರಿದ್ರೆ ಕೊರಳ ಹಗ್ಗ ಬಿಚ್ಕೊಂಡು ಬರ್ತೀವಿ. ನೀನು ಹಸ ಕೊಟ್ಟು ಹಗ್ಗ ಅಲ್ಲೇ ಬಿಟ್ಟು, ಇನ್ನೊಂದ್ ತುದೀನ ನಿನ್ ಕೊರಳಿಗೇ ಕಟ್ಕೊಂಡು ಬಂದಿದೀಯ."

ಅಷ್ಟರಲ್ಲಿ ಒಬ್ಬ ನೀರಿನ ಬಿಂದಿಗೆ ಹೊತ್ತು ಬಂದ. "ಇವ್ನೇ ನೋಡು ಗುದ್ದಿದ ಮಹಾನುಭಾವ, ನಲ್ಲಪ್ಪ. ದಿನಾ ಬಂದು ನೀರು ತುಂಬ್ತಾನೆ. ಬೇಡಾ ಅಂದ್ರೂ ಕೇಳಲ್ಲ."

"ಇನ್ನೇನ್ ಮಾಡ್ಲಿ ಅಕ್ಕಾ" ಎಂದು ಅವನು ಬಿಂದಿಗೆ ಇಳಿಸಲು ತಿರುಗಿದ. ಆಗ ಗುರುತು ಸಿಕ್ಕಿತು. ಎಡಭುಜ ತುಸು ಇಳಿದಿತ್ತು. ಮುಖ ಎಂದೂ ಕಂಡಿರದ ಮನುಷ್ಯನನ್ನು ಬೆನ್ನಿನಿಂದ ಗುರುತಿಸಿದೆ.

ಐದು ಸಲ ದಂಡ ಬಿದ್ದಿತ್ತು, ಗೊತ್ತೇ ಎಂದು ಕೇಳಿದೆ. ಅವನು ನಿಜವಾಗಿ ಬೆಚ್ಚಿಬಿದ್ದ.

"ನಂಗೊಂದೂ ಬಂದಿಲ್ಲ ಸಾರ್, ದೇವ್ರಾಣೆ. ಹೋದ್ ಯುಗಾದಿ ಟೈಮಲ್ಲಿ ಮಾರ್ಕೆಟ್ ಹತ್ರ ಚೆಕಿಂಗಲ್ಲಿ ಹಿಡಿದ್ರು. ಇನ್ಶೂರೆನ್ಸ್ ಐತೋ ಇಲ್ವೋ ಅಂತ ನಂಗೂ ಡೌಟಿತ್ತು, ಇವತ್ತು ಸಿಕ್ಕಾಕ್ಕೊಂಡೆ ಅನ್ಕಂಡೆ. ಅವ್ರು ನಂಬರ್ ಒತ್ತಿ ನೋಡಿ, ಬಾಕಿ ಏನೂ ಇಲ್ಲ, ಎಲ್ಲ ಕ್ಲಿಯರು, ಹೋಗಪ್ಪ ಅಂದ್ರು. ಎಲ್ಲ ಕ್ಲಿಯರು ಅಂದ್ರೆ ಇನ್ಶೂರೆನ್ಸೂ ಸೇರಿ ಅಂತಾನೇ ಅನ್ಕಂಡೆ ಸಾರ್. ಇಲ್ಲಾಂದಿದ್ರೆ ಅವತ್ತೇ ಮಾಡಿಸ್ತಿದ್ದೆ."

ಎಲ್ಲ ಕ್ಲಿಯರು ಮಾಡಿದವನು ನಾನು.

ನಾನು ದಂಡ ಕಟ್ಟದೆ ಬಿಟ್ಟಿದ್ದರೆ ಅಂದು ಆ ಪರದೆಯ ಮೇಲೆ ಬಾಕಿ ಕಾಣುತ್ತಿತ್ತು. ಯಾವುದರ ಬಾಕಿ ಎಂದು ಅವನು ಕೇಳುತ್ತಿದ್ದ. ಅವನಿಗೆ ತಲುಪಬಹುದಾಗಿದ್ದ ಒಂದೇ ಎಚ್ಚರಿಕೆಯನ್ನು ನಾನು ಕಾಲಕಾಲಕ್ಕೆ ಹಣ ಕೊಟ್ಟು ಅಳಿಸಿದೆ, ಮತ್ತು ನೀವು ರಸೀದಿ ಕೊಟ್ಟಿರಿ. ನಿಮ್ಮ ಪ್ರಕಾರ ತಪ್ಪು ಯಾವುದು, ಅಪರಿಚಿತರಿಗೆ ರಕ್ಷಣೆ ಇಲ್ಲದಿರುವುದೋ, ದಂಡ ಬಾಕಿ ಇರುವುದೋ? ಐದು ಫೋಟೊ ತೆಗೆಯುವಷ್ಟು ದೂರದಿಂದ ಕಾಣುವ ವಾಹನವನ್ನು ಒಮ್ಮೆ ನಿಲ್ಲಿಸಲು ಎಷ್ಟು ಹತ್ತಿರ ಬರಬೇಕು? ನಾನು ಕಟ್ಟಿದ ಐದು ಸಾವಿರದಲ್ಲಿ ಒಂದು ರೂಪಾಯಿಯಾದರೂ ಮುನಿಶಾಮಮ್ಮನ ಕಾಲಿನವರೆಗೆ ನಡೆದುಹೋಗಲು ನಿಮ್ಮಲ್ಲಿ ದಾರಿ ಇದೆಯೇ? ಸ್ಕೂಟರು ಈಗ ಠಾಣೆಯ ಅಂಗಳದಲ್ಲಿದೆ. ಅದನ್ನು ಹರಾಜು ಹಾಕಿ ಬಂದದ್ದನ್ನು ಅಪಘಾತದ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿಗೆ ಕಟ್ಟಬಹುದಂತೆ. ಗುಜರಿಯವನು ಒಮ್ಮೆ ನೋಡಿ ಹೋಗಿದ್ದಾನೆ.

ಕೋಪದಿಂದ ಬರೆಯುತ್ತಿದ್ದೇನೆಂದು ತಿಳಿಯಬೇಡಿ. ಕೋಪ ಬಂದಿದ್ದರೆ ಎರಡನೆಯ ದಂಡಕ್ಕೇ ಬರಬೇಕಿತ್ತು. ಕೇಳುವುದು ಒಂದೇ. ವಿಮೆಯಿಲ್ಲದ ವಾಹನದ ಪ್ರಕರಣವನ್ನು ಹಣದಿಂದ ಮುಚ್ಚಬೇಡಿ. ದಂಡ ಕಟ್ಟಿಸಿಕೊಳ್ಳಿ, ಆದರೆ ವಿಮೆಯ ಕಾಗದ ತೋರಿಸುವವರೆಗೆ ಆ ನಂಬರಿನ ಎದುರು 'ವಿಮೆ ಇಲ್ಲ' ಎಂಬ ಎರಡು ಪದ ಉಳಿಯಲಿ. ವಾಹನ ತಡೆದವನ ಕಣ್ಣಿಗೆ ಅದು ಎಲ್ಲಕ್ಕಿಂತ ಮೊದಲು ಬೀಳಲಿ. ಅವನು ಅದನ್ನು ಓಡಿಸುವವನಿಗೆ ಬಾಯಿಬಿಟ್ಟು ಹೇಳಲಿ.

ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ. ವಿಮೆ ಇಲ್ಲದ್ದರಿಂದ ಪರಿಹಾರದ ಹೊಣೆ ಓಡಿಸಿದವನದು ಮತ್ತು ಮಾಲೀಕನದು. ನಲ್ಲಪ್ಪನ ಬಳಿ ಬಿಂದಿಗೆ ಬಿಟ್ಟರೆ ಏನಿಲ್ಲ. ನನ್ನ ವಕೀಲ ಹರಿಕೃಷ್ಣ ಹೇಳಿದರು, "ಮಾರಿದ್ದಕ್ಕೆ ಸಾಕ್ಷಿ ಹಾಕ್ಸಿ ವಾದ ಮಾಡಣ ಸಾರ್. ಗೆಲ್ಲೋದು ಕಷ್ಟ, ಆದ್ರೆ ಮೂರು ವರ್ಷ ಎಳೀಬಹುದು." ಮೂರು ವರ್ಷ ಮುನಿಶಾಮಮ್ಮ ಯಾವ ಕಾಲಿನ ಮೇಲೆ ನಿಲ್ಲುತ್ತಾರೆ ಎಂದು ಕೇಳಿದೆ. ಹರಿಕೃಷ್ಣ ಫೈಲು ಮುಚ್ಚಿದರು. ಸ್ಕೂಟರು ನನ್ನದೆಂದು ಒಪ್ಪಿ ಹೇಳಿಕೆ ಬರೆಸಿದ್ದೇನೆ. ಟೈಪು ಮಾಡಿದ ಹುಡುಗಿ ಕೆಳಗೆ ಸಹಿ ಮಾಡಿ ಎಂದಾಗ ಮೇಲಿನ ಪ್ರತಿ ಸಾಲನ್ನೂ ಎರಡು ಸಲ ಓದಿದೆ. ಅವಳಿಗೆ ಬೇಸರವಾಯಿತು.

ಇಂತಿ, ಈ ಸಲ ತುಂಬಿದ ಹಾಳೆಯ ಕೆಳಗೆ ಸಹಿ ಹಾಕುತ್ತಿರುವ,
ಸುಧೀಂದ್ರ
ಮಾಲೀಕ
ಚಿಕ್ಕಬಳ್ಳಾಪುರ