ಬಚ್ಚಲಿನ ಚಿಲಕ

ಫೆ. 3, ಮಂಗಳವಾರ
ಬೀಟ್ ಸರಿಹೋಯಿತು. ಮಾತೇ ಸಪ್ಪೆ. ನಮ್ಮ ಚರ್ಚ್ ಬ್ಯಾಂಡಿನ ಡ್ರಮ್ಮರ್ ಹಲ್ಲು ಕಿಸಿದ — "ಮೇಡಂ, ನಿಮ್ಮ ರ‍್ಯಾಪಲ್ಲಿ ಉಪ್ಪೂ ಇಲ್ಲ, ಖಾರಾನೂ ಇಲ್ಲ." ಪಾಸ್ಟರ್‌ಗೂ ಅದೇ ಚಿಂತೆ. ಯೂತ್ ಮೀಟಿಂಗಿಗೆ ಬರುವ ಮಕ್ಕಳಿಗೆ ಉಪದೇಶ ಬೇಡ, ಸಾಕ್ಷಿ ಬೇಕಂತೆ. ಹೇಗಿದ್ದೆ, ಯೇಸು ಹೇಗೆ ಎತ್ತಿದ. ನನ್ನನ್ನು ಎಲ್ಲಿಂದ ಎತ್ತಬೇಕು? ಬಿದ್ದಿದ್ದರೆ ತಾನೆ! ಭಾನುವಾರ ತಪ್ಪಿಸಿಲ್ಲ, ಕನ್ನಡಕದ ಅಂಗಡಿ ಕೆಲಸ ತಪ್ಪಿಸಿಲ್ಲ. ಕಾಫಿ ಕೂಡ ಕುಡಿಯಲ್ಲ.

ಫೆ. 5
ಬರೆದೆ. ಒಂದೇ ಉಸಿರಿಗೆ. ಕುಡಿದು ಬಚ್ಚಲಲ್ಲಿ ಬಿದ್ದದ್ದು, ಮತ್ತೆ ಒಳಗೆ ಸಿಕ್ಕಿಕೊಳ್ಳಬಾರದು ಅಂತ ಅಮ್ಮ ಬಾಗಿಲಿನ ಚಿಲಕ ಕೀಳಿಸಿದ್ದು... ಎಲ್ಲ ಅಣ್ಣನದು. ಅವನು ಕುಡಿತ ಬಿಟ್ಟು ವರ್ಷವಾಯಿತು. "ನಾನು" ಅಂತ ಹಾಕಿದೆ. ಹಾಡು ತಾನೆ.

ಫೆ. 8, ಭಾನುವಾರ
ಮಕ್ಕಳು ಕುರ್ಚಿ ಹತ್ತಿ ಕುಣಿದರು. ಹಿರಿಯರೊಬ್ಬರು ನನ್ನ ತಲೆ ಮುಟ್ಟಿ ಅತ್ತರು. ಪಾಸ್ಟರ್ ಮೈಕಲ್ಲಿ — "ಇದು ಇವಳ ಜೀವನ!" ತಲೆ ತಗ್ಗಿಸಿದೆ. ವಿನಯ ಅಂದುಕೊಂಡರು.

ಮಾ. 2
ವಿಡಿಯೋ ಎಲ್ಲರ ಫೋನಲ್ಲಿ. ಅಮ್ಮನೂ ಕೇಳಿದಳು. ಆಮೇಲೆ ಇಷ್ಟೇ — "ಅವನ ಚಿಲಕ ನಿನಗ್ಯಾಕೆ ಬೇಕಿತ್ತು?"
ಅಣ್ಣ ಗ್ಯಾರೇಜಿಂದ ಬಂದ. ಕೈಯ ಗ್ರೀಸ್ ತೊಳೀತಾ, "ಹುಡುಗರು ನಿನ್ ಹಾಡು ಹಾಕಿದ್ರು. ಚೆನ್ನಾಗಿದೆ ಕಣೇ" ಅಂದ. ಬೈದಿದ್ದರೆ ಎಷ್ಟೋ ವಾಸಿ. ಅವನ ಮುಖ ನೋಡೋಕೆ ಆಗಲಿಲ್ಲ.

ಮಾ. 14
ಪಾಸ್ಟರ್‌ಗೆ ಹೇಳಿಬಿಡೋಣ ಅಂತ ಹೋದೆ. ನಾಳೆ ಬೇರೆ ಚರ್ಚ್ ಸಭೆಗಳ ಮಕ್ಕಳೂ ಬರ್ತಾರೆ ಅಂತ ಪೋಸ್ಟರ್ ತೋರಿಸಿದರು. ನನ್ನ ಮುಖ, ಬಾಗಿಲಷ್ಟು ದೊಡ್ಡದು. ಬಾಯಿಗೆ ಬಂದದ್ದು ನುಂಗಿ ಬಂದೆ. ಹೇಳಿದರೆ ಅಣ್ಣನ ಮಾನ ಹೋಗತ್ತೆ ಅನ್ನೋದು ನೆಪ. ಹೆದರಿದ್ದು ನನ್ನದು ಹೋಗತ್ತೆ ಅಂತ. ಥೂ.

ಮಾ. 15, ಭಾನುವಾರ, ಸಂಜೆ
ಹಾಡಿದೆ. ಒಂದು ಪದಾನೂ ಬದಲಿಸದೆ. ಆಮೇಲೆ ಪಾಸ್ಟರ್, ಪ್ರಶ್ನೆ ಕೇಳಿ ಅಂದರು. ಕಾಲೇಜು ಹುಡುಗಿಯೊಬ್ಬಳು ಎದ್ದಳು. ಅಕ್ಕಪಕ್ಕ ಒಮ್ಮೆ ನೋಡಿದಳು. "ಅಕ್ಕಾ, ಕುಡಿಯೋದು ಬಿಟ್ಟ ಮೊದಲ ವಾರ ಹೇಗೆ ತಡ್ಕೊಂಡ್ರಿ?"
ನನಗೇನು ಗೊತ್ತು!
ಹಿಂದಿನ ಸಾಲಿಂದ ಅಣ್ಣ ಎದ್ದು ಬಂದ. ಬಂದಿದ್ದಾನೆ ಅಂತಲೇ ಗೊತ್ತಿರಲಿಲ್ಲ. ನನ್ನ ಕೈಯಿಂದ ಮೈಕ್ ತಗೊಂಡ.
"ನಾನು ಇವಳ ಅಣ್ಣ. ನಾನು ಹೇಳ್ತೀನಮ್ಮ. ಇವಳಿಗೆ ಲೋಟ ಹಿಡಿಯೋಕೂ ಆಗ್ತಿರ್ಲಿಲ್ಲ. ಹಲ್ಲಿಗೆ ಬಡೀತಿತ್ತು. ನಾನು ಪಕ್ಕದಲ್ಲೇ ಕೂತಿರ್ತಿದ್ದೆ. ಒಂದು ದಿನಾನೂ ಒಬ್ಬಳನ್ನೇ ಬಿಡ್ಲಿಲ್ಲ. ಅದಕ್ಕೇ ತಡ್ಕೊಂಡ್ಲು. ನೀನೂ ಯಾರನ್ನಾದ್ರೂ ಪಕ್ಕದಲ್ಲಿ ಕೂರಿಸ್ಕೋ."
ಚಪ್ಪಾಳೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಣ್ಣ ಕುಡಿತ ಬಿಟ್ಟ ಆ ಮೊದಲ ವಾರ ನಾನು, ಬ್ಯಾಂಡ್ ಪ್ರಾಕ್ಟೀಸ್ ಅಂತ ಸುಳ್ಳು ಹೇಳಿ ಗೆಳತಿ ಮನೆ ಸೇರಿದ್ದೆ. ಅಣ್ಣ ಫೋನ್ ಮೇಲೆ ಫೋನ್ ಮಾಡಿದ. ಎತ್ತಲಿಲ್ಲ.
ಬಸ್ಸಲ್ಲಿ ಕೇಳಿದೆ, ಹಾಗ್ಯಾಕೆ ಹೇಳ್ದೆ?
"ಮತ್ತೇನ್ ಹೇಳ್ಲಿ? ಯಾರೂ ಇರ್ಲಿಲ್ಲ ಅಂದ್ರೆ ಆ ಹುಡುಗಿ ಹೆದರ್ತಾಳೆ."
ಕಿಟಕಿ ಕಡೆ ತಿರುಗಿ ಕೂತ.
ಈಗ ಬಚ್ಚಲಲ್ಲಿ ಮುಖ ತೊಳೀತಿದ್ದಾನೆ. ಬಾಗಿಲು ಅರ್ಧ ತೆರೆದೇ ಇದೆ. ಚಿಲಕ ನಾವಿನ್ನೂ ಹಾಕಿಸಿಲ್ಲ. ಹೊರಗೆ ಬರಲಿ, ಎದುರಿಗೆ ನಿಂತು, ಆ ವಾರ ನಾನೆಲ್ಲಿದ್ದೆ ಅಂತ ಹೇಳಿ—