ಕೊಡೆ ಹಿಡಿದವಳ ಸರದಿ

ವೆಸ್ಪ್ರೇಮ್,
ಸೆಪ್ಟೆಂಬರ್ 3, 1987

ಪ್ರಿಯ ಬರ್ನಬಾಶ್,

ಮಂಡಿ ನೋವು ಹೇಗಿದೆ? ಹೇವೀಜ್ ಆರೋಗ್ಯಧಾಮದ ಬಿಸಿನೀರಿನ ಕೆರೆಗೆ ದಿನಾ ಇಳಿಯುತ್ತಿದ್ದೀರಾ, ಇಲ್ಲ ದಡದಲ್ಲಿ ಕೂತು ಇಸ್ಪೀಟು ಆಡುತ್ತಿದ್ದೀರಾ? ಕಣ್ಣಿನ ವಿಷಯ ನೀವು ಬರೆಯುವುದಿಲ್ಲ, ನಾನೂ ಕೇಳುವುದಿಲ್ಲ. ಅಕ್ಷರ ದಪ್ಪಗೆ ಬರೆದಿದ್ದೇನೆ, ಪಕ್ಕದ ಮಂಚದವರ ಕೈಲಿ ಓದಿಸಬೇಡಿ.

ನಿನ್ನೆ ನಿಮ್ಮ ಶಿಷ್ಯ ಗೆರ್ಗೆಯ್ ಬಂದಿದ್ದ. ಭೂಮಾಪನ ವಿಭಾಗದ ಮುಖ್ಯಸ್ಥನಾದರೂ ಬೂಟನ್ನು ಇನ್ನೂ ಬಾಗಿಲಲ್ಲೇ ಬಿಚ್ಚುತ್ತಾನೆ, ಪಾಪ. ಊರಾಚೆಯ ಬಯಲಿನಲ್ಲಿರುವ ನಮ್ಮ ಅಳತೆ ಕಂಬಗಳ ಸಾಲಿಗೆ ನಿಮ್ಮ ಹೆಸರಿಡುತ್ತಾರಂತೆ. ದೇಶದ ದೂರಮಾಪಕಗಳನ್ನೆಲ್ಲ ಒರೆಗೆ ಹಚ್ಚುವುದು ಆ ಕಂಬಗಳ ನಡುವಿನ ಅಂತರಕ್ಕೇ ತಾನೆ? ಅದನ್ನು ಈ ತಿಂಗಳು ಮತ್ತೆ ಅಳೆಯಬೇಕು. "ಅಮ್ಮಾ, ಅದು ಸರ್ ಕೈಯಲ್ಲೇ ಆಗ್ಬೇಕು, ಬೇರೆಯವ್ರು ಮುಟ್ಟಿದ್ರೆ ಕೆಟ್ಟುಹೋಗುತ್ತೆ" ಎಂದ. ಸಮಾರಂಭದ ಪುಸ್ತಿಕೆಯನ್ನೂ ಕೊಟ್ಟ. ಮುಖಪುಟದಲ್ಲಿ ನೀವು ಉಪಕರಣಕ್ಕೆ ಕಣ್ಣಿಟ್ಟು ನಿಂತಿದ್ದೀರಿ, ಮೇಲೆ ಬಿಳಿ ಕೊಡೆ. ಕೊಡೆ ಹಿಡಿದ ಕೈ ಮಣಿಕಟ್ಟಿನವರೆಗೆ ಇದೆ, ಅದರಾಚೆ ನಾನಿಲ್ಲ. ಕತ್ತರಿಸಿದ್ದಾರೆ.

ಆ ಫೋಟೋ ತೆಗೆದಾಗ ನಾನು ಏಳು ತಿಂಗಳ ಬಸುರಿ. ಉಪಕರಣಕ್ಕೆ ಬಿಸಿಲು ತಾಗಬಾರದೆಂದು ಕೊಡೆ. ನನಗೆ ತಾಗಿದರೆ ಯಾರಿಗೇನು? ಕಾಲು ಬಾತು ನಿಲ್ಲಲಾಗದೆ ಹೋದಾಗ ನೀವು ತಿರುಗಿಯೂ ನೋಡದೆ, "ಕಂಬಕ್ಕೆ ಒರಗ್ಬೇಡ ಎಟೆಲ್ಕಾ, ಅಳತೆ ಕೆಡುತ್ತೆ" ಎಂದಿರಿ. ಒಂದೇ ತರಗತಿಯಲ್ಲಿ ಓದಿದವರು ನಾವು. ಸೂಕ್ಷ್ಮ ಅಳತೆಯ ಪರೀಕ್ಷೆಯಲ್ಲಿ ಮೊದಲು ಬಂದವಳು ನಾನು. "ಮಗು ಸ್ವಲ್ಪ ದೊಡ್ಡದಾಗ್ಲಿ, ಆಮೇಲೆ ನಿನ್ನ ಸರದಿ" ಎಂದಿದ್ದಿರಿ. ಮಗು ದೊಡ್ಡದಾಗಿ ಅದಕ್ಕೂ ಮಕ್ಕಳಾದವು, ನೀವು ಪ್ರೊಫೆಸರ್ ಆದಿರಿ. ಕೊಡೆಯ ಬಟ್ಟೆಯನ್ನು ಎಷ್ಟೋ ಸಲ ಬದಲಿಸಿದಿರಿ, ಹಿಡಿಯುವವಳನ್ನು ಬದಲಿಸಲಿಲ್ಲ. ನಿಮ್ಮ ಕಣ್ಣಿಗೆ ಪೊರೆ ಬಂದ ಮೇಲಂತೂ ಕೊಡೆಯಡಿ ಬಗ್ಗಿ ಅಂಕಿ ಓದಿ ನಿಮ್ಮ ಕಿವಿಯಲ್ಲಿ ಪಿಸುಗುಟ್ಟಿದವಳು ನಾನು. ನೀವು ಅದನ್ನೇ ಗಟ್ಟಿಯಾಗಿ ಕೂಗಿದಿರಿ, ವಿದ್ಯಾರ್ಥಿಗಳು ಬರೆದುಕೊಂಡರು.

ಇರಲಿ. ಏಪ್ರಿಕಾಟ್ ಜಾಮ್ ಕಳಿಸಿದ್ದೇನೆ, ಒಂದೇ ಸಲಕ್ಕೆ ಖಾಲಿ ಮಾಡಬೇಡಿ. ಮೊಮ್ಮಕ್ಕಳು ದಿನಾ ನಿಮ್ಮನ್ನು ಕೇಳುತ್ತಾರೆ. ದೇವರು ನಿಮ್ಮ ಮಂಡಿಗೆ ಬಲ ಕೊಡಲಿ.

ನಿಮ್ಮ
ಎಟೆಲ್ಕಾ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ನಿಮ್ಮ ಕಣ್ಣಿನ ವಿಷಯ ಗೆರ್ಗೆಯ್‌ಗೆ ಹೇಳಿದೆ. ಕಾಫಿ ಕುಡಿಯುವುದನ್ನೇ ಮರೆತು ಕೂತುಬಿಟ್ಟ. ಈ ಸಲ ಅಳೆಯುವವಳು ನಾನು; ಅವನು ಒಪ್ಪಿದ್ದಾನೆ. ಹದಿನೈದಕ್ಕೆ ಶುರು. ಮಂಡಿ ನೆಟ್ಟಗಿದ್ದರೆ ಬನ್ನಿ, ಕೊಡೆ ಹಿಡಿಯಲು ಒಬ್ಬರು ಬೇಕು. ಕಂಬಕ್ಕೆ ಮಾತ್ರ ಒರಗಬೇಡಿ.