ಮದನಪಲ್ಲಿಯಲ್ಲೂ ಅದೇ ದರ

ಶ್ರೀನಿವಾಸಪುರ
ಜೂನ್ ೧೯೮೭

ಅಪ್ಪಾ,

ಅಮ್ಮನಿಗೆ ಆಸ್ಪತ್ರೆ ಖರ್ಚಿನ ವಿಮೆ ಮಾಡಿಸಿದೆ. ಈಗ ಸರ್ಕಾರದ ನಾಲ್ಕು ಕಂಪನಿಗಳು ಅಂಥ ಪಾಲಿಸಿ ಕೊಡುತ್ತಿವೆ. ನನ್ನ ಸ್ವಭಾವ ನಿಮಗೆ ಗೊತ್ತಲ್ಲ. ಕೋಲಾರದಲ್ಲಿ ಎರಡು ಕಡೆ, ಬೆಂಗಳೂರಿನಲ್ಲಿ ಎರಡು ಕಡೆ ದರ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನಾಲ್ಕೂ ಒಂದೇ. ನನಗೆ ನಂಬಿಕೆ ಬರಲಿಲ್ಲ. ಗಡಿಯಾಚೆ ಅಗ್ಗವೆಂದು ನೀವು ಮದುವೆ ಜವಳಿಗೆ ಹೋಗುತ್ತಿದ್ದ ಹಾಗೆ, ನಿನ್ನೆ ನಾನೂ ಮದನಪಲ್ಲಿಯ ಬಸ್ಸು ಹತ್ತಿದೆ.

ಅಲ್ಲಿನ ಏಜೆಂಟು ನನ್ನ ಪಟ್ಟಿ ನೋಡಿ ನಕ್ಕರು. "ಅಕ್ಕಡಾ ಇಕ್ಕಡಾ ಒಕಟೇ ರೇಟು ಸಾರ್! ಇದೇನು ಮಾವಿನಕಾಯಾ, ಮಂಡಿಗೊಂದು ಬೆಲೆ ಇರೋಕೆ?"

ನಾಚಿಕೆಯಾಗಬೇಕಿತ್ತು, ಮನಸ್ಸು ಹಗುರವಾಯಿತು. ಆರಿಸುವುದಕ್ಕೆ ಏನೂ ಉಳಿದಿರಲಿಲ್ಲ. ಇವತ್ತು ಬೆಳಿಗ್ಗೆ ಕೋಲಾರಕ್ಕೆ ಹೋಗಿ, ಮೊದಲು ಕೇಳಿದ್ದ ಕಚೇರಿಯಲ್ಲೇ ಅರ್ಜಿ ಕೊಟ್ಟು ಹಣ ಕಟ್ಟಿ ಬಂದೆ.

ಅಮ್ಮ ರಸೀದಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿದಳು. "ಸದ್ಯ, ಮುಗೀತಲ್ಲ ಕಣೋ. ನೀನು ರೇಟು ಕೇಳ್ಕೊಂಡು ಊರೂರು ತಿರುಗೋ ಅಷ್ಟರಲ್ಲಿ ನಂಗೆ ಎಪ್ಪತ್ತು ತುಂಬಿ, ವಯಸ್ಸು ಮೀರಿತು, ಪಾಲಿಸಿ ಕೊಡಲ್ಲ ಅಂತಿದ್ರು ಎಲ್ಲರೂ." ಇಬ್ಬರೂ ನಕ್ಕೆವು.

ಎರಡು ವರ್ಷದ ಹಿಂದಿನ ಹಾಳೆಯೂ ಅದೇ ನೋಟ್‌ಬುಕ್ಕಿನಲ್ಲಿದೆ. ನಿಮ್ಮ ಆಪರೇಷನ್ನಿಗೆ ವೆಲ್ಲೂರೋ ಬೆಂಗಳೂರೋ ಎಂದು ಖರ್ಚು ಹೋಲಿಸಲು ಎರಡು ಕಾಲಂ ಎಳೆದಿದ್ದೆ. ನೀವು ನಮ್ಮನ್ನು ಬಿಟ್ಟು ಹೋದ ದಿನಕ್ಕೆ ಬೆಂಗಳೂರಿನ ಕಾಲಂ ಅರ್ಧಕ್ಕೆ ನಿಂತಿದೆ. "ನಿಧಾನವಾಗಿ ನೋಡಪ್ಪ, ನಂಗೇನು ಅವಸರ" ಎಂದಿದ್ದಿರಿ.

ಅಮ್ಮನ ಪಾಲಿಸಿ ನಾಳೆಯಿಂದಲೇ ಜಾರಿ.